ಎರಡು ಬೆರಳು ಮೇಲೆ

ನನ್ನ ಉಗುರು ನೋಡಿ ನರ್ಸು ಕೂಗಿಯೇಬಿಟ್ಟಳು,
'ಮೇಡಂ, ಪೇಷಂಟು ನೀಲಿಗಟ್ಯಾಳೆ!'
ಸಾಯೋ ಬಣ್ಣ ಅಲ್ಲವ್ವ, ಜೀನ್ಸಿನದು ಅಂದೆ.
ಕೌಲ್ ಬಜಾರಿನ ಶೆಡ್ಡಿನಲ್ಲಿ ಒಂಬತ್ತು ವರ್ಷ
ಕಿಸೆ ಹೊಲಿದ ಕೈ,
ಸೋಪಿಗೂ ಬಗ್ಗದು, ಸೀಗೇಕಾಯಿಗೂ ಬಗ್ಗದು.

ಸ್ಕ್ಯಾನಿಂಗ್ ಕೋಣೆಯ ಕತ್ತಲಲ್ಲಿ
ವಸುಮತಿ ಮೇಡಂ ಬಹಳ ಹೊತ್ತು ಮಾತಾಡಲಿಲ್ಲ.
ಆಮೇಲೆ ಪರದೆ ನನ್ನ ಕಡೆ ತಿರುಗಿಸಿದರು.
ಇದು ನಿನ್ನ ಗರ್ಭಕೋಶ, ಹೊನ್ನೂರಮ್ಮ. ಖಾಲಿ.
ಕೂಸು ಇಲ್ಲಿ ಕೂತಿದೆ,
ಅದರ ಕೊರಳಲ್ಲಿ, ಬಾಗಿಲ ಸಂದಿಯಲ್ಲಿ.

ಹೊಸ್ತಿಲ ಮೇಲೆ ಕೂಡಬಾರದು ಅಂತ
ನಮ್ಮವ್ವ ತೊಡೆ ಚಿವುಟಿ ಕಲಿಸಿದ್ದಳು ನನಗೆ.
ಇದಕ್ಕೆ ಯಾರು ಕಲಿಸಬೇಕಿತ್ತು?

ಹದಿನೆಂಟು ವರ್ಷದ ನೌಕರಿಯಲ್ಲಿ ಇದು ಮೂರನೆಯದಂತೆ.
ಮೊದಲನೆಯವಳಿಗೆ ರಕ್ತ ನಿಲ್ಲಲಿಲ್ಲ, ಚೀಲ ತೆಗೆದೆವು ಅಂದರು.
ಎರಡನೆಯವಳ ಸುದ್ದಿ ಹೇಳಲಿಲ್ಲ.

'ತಗದ್ಬಿಡ್ರಿ' ಅಂದಳು ಎಂಕಮ್ಮತ್ತೆ, 'ಜೀವ ಉಳೀಲಿ.
ನಮ್ಮ ಓಣ್ಯಾಗ ಯಾರಿಗೈತೆ ಈಗ ಚೀಲ?'
ಎಣಿಸಿದೆ. ನಿಜ.
ಗಾದಿಲಿಂಗ ಬಾಗಿಲಲ್ಲಿ ನಿಂತು
ಚಪ್ಪಲಿಯ ಉಂಗುಟ ತಿರುವುತ್ತಿದ್ದ.
ನನಗೆ ಇಪ್ಪತ್ತೇಳು. ಬ್ಯಾಡ ಅಂದೆ.
ಅವತ್ತು ನನ್ನ ಕೊರಳು ದಾಟಿ ಬಂದದ್ದು ಅದೊಂದೇ ಮಾತು.

ಇಲ್ಲ, ಇನ್ನೊಂದು ಕೇಳಿದ್ದೆ.
ಮೇಡಂ, ಕಿಸೆ ಓರೆ ಬಿದ್ದರೆ ನಾವು ಬ್ಲೇಡು ಹಿಡಿದು
ಬಟ್ಟೆಗೆ ತಾಗದಂತೆ ಒಂದೊಂದೇ ಎಳೆ ಬಿಚ್ಚಿ
ಎರಡು ಬೆರಳು ಮೇಲೆ ಸರಿಸಿ ಹೊಲೀತೀವಿ.
ಎರಡೇ ಬೆರಳು.

ಅವರು ಕನ್ನಡಕ ತೆಗೆದು ಸೆರಗಲ್ಲಿ ಒರೆಸಿದರು,
ಒರೆಸುತ್ತಲೇ ಇದ್ದರು.
ಬಿಚ್ಚೋದಷ್ಟೇ ಬರ್ತದವ್ವ ನಮಗೆ.
ಸರಿಸೋದು ಇನ್ನೂ ಯಾರಿಗೂ ಬಂದಿಲ್ಲ.

ಎದೆಬಡಿತ ಇತ್ತು. ಹೇಳಿಬಿಡುತ್ತೇನೆ, ಇತ್ತು.
ಅಕ್ಕಿ ಕಾಳಿನಷ್ಟು ಜಾಗದಲ್ಲಿ ಮಿಣಿಮಿಣಿ.
ತೆಳ್ಳನೆ ಸೂಜಿಯೊಂದು ಅಲ್ಲಿಗೆ ಹೋಗಿ ಬಂತು.
ನಾನು ಪರದೆ ನೋಡಲಿಲ್ಲ,
ಗೋಡೆಯ ಗಡಿಯಾರದ ಸೆಕೆಂಡು ಮುಳ್ಳು ನೋಡಿದೆ.
ಅದು ನಿಲ್ಲಲಿಲ್ಲ.

ಆಮೇಲೆ ಹಳದಿ ಔಷಧಿ.
ಕ್ಯಾನ್ಸರಿನವರಿಗೂ ಇದನ್ನೇ ಕೊಡ್ತಾರಂತೆ,
ಅವಸರದಲ್ಲಿ ಬೆಳೆಯುವುದನ್ನೆಲ್ಲ ತಡೆಯುತ್ತದಂತೆ.
ಆಶಾ ಅಕ್ಕ ಕೊಟ್ಟ ಗುಳಿಗೆ ಬಂದ್, ಪುಂಡಿಪಲ್ಯ ಬಂದ್.
ಅತ್ತೆ ಡಬ್ಬಿ ತುಂಬ ತಂದದ್ದನ್ನು
ಪಕ್ಕದ ಮಂಚದ ಸಂಡೂರಿನ ಹುಡುಗಿ
ರೊಟ್ಟಿಗೆ ಹಚ್ಚಿ ಉಂಡಳು, ಬೆರಳು ಚೀಪಿ.

ಮೂರನೇ ರಾತ್ರಿ ರಕ್ತ ಒಡೆಯಿತು.
ಕೊರಳಲ್ಲಿ ರಬ್ಬರಿನ ಪುಟ್ಟ ಬಲೂನಿಟ್ಟು ನೀರು ತುಂಬಿದರು.
ಕದಕ್ಕೆ ಬೆನ್ನು ಕೊಟ್ಟವರ ಹಾಗೆ
ಅದು ಬೆಳತನಕ ನಿಂತಿತು.
ನನ್ನ ಕೂಸಿನ ಹೆಸರಲ್ಲಿ ಊದಿದ ಒಂದೇ ಬಲೂನು.

ಪೀಸು ಲೆಕ್ಕದವಳು ನಾನು, ಏರಿದರೆ ಖುಷಿ.
ಈಗ ವಾರವಾರವೂ ರಕ್ತ ಕೊಟ್ಟು
ಇಳಿಯಲಿ, ಇಳಿಯಲಿ ಅಂತ ಹರಕೆ.
ಹದಿನಾಲ್ಕು ಸಾವಿರ ಇದ್ದದ್ದು
ಮೊದಲು ಹದಿನಾರಕ್ಕೆ ಏರಿ ಹೆದರಿಸಿತು.
ಆಮೇಲೆ ಒಂಬತ್ತು. ಎರಡು.
ಕೋಟೆ ಗುಡ್ಡದ ಬಂಡೆ ಕಾದು ಬಿಸಿಯುಗುಳುವ ಮಧ್ಯಾಹ್ನ
ಗಾದಿಲಿಂಗ ಆಟೋದಿಂದ ಇಳಿಯುತ್ತಲೇ ಕೂಗಿದ, ಮುನ್ನೂರಾ ಹತ್ತು!
ಓಣಿಯವರು ಲಾಟರಿ ಅಂದುಕೊಂಡರು.
ನಲವತ್ತು.
ಮೂರು.

ಮೂರು ಅಂದರೆ ಸೊನ್ನೆ ಅಂತಲೇ ತಿಳಿ ಅಂದರು ಮೇಡಂ,
ಆರು ತಿಂಗಳು ಬಿಟ್ಟು ನೋಡೋಣ.
ನಾನು ಹಾಗೆ ತಿಳಿಯಲಿಲ್ಲ. ಮೂರು ಮೂರೇ.

ಮತ್ತೆ ಮುಟ್ಟಾದ ದಿನ
ಶೆಡ್ಡಿನ ಪಾಯಖಾನೆಯ ಗೋಡೆಗೆ ಒರಗಿ ನಿಂತೆ.
ನೀಲಿ ಬೆರಳ ಮೇಲೆ ಕೆಂಪು,
ಬರಬೇಕಾದ ಹೊತ್ತಿಗೆ, ಬರುವ ದಾರಿಯಲ್ಲೇ.
'ಲೈನ್ ನಿಂತೈತವ್ವ' ಅಂತ ಹೊರಗೆ ರಜಾಕ್ ಸಾಬ್.

ಬಂದು ಕೂತೆ. ಮೊದಲ ಕಿಸೆಯೇ ಓರೆ ಬಿತ್ತು.
ಬಿಚ್ಚಿದೆ.
ಎರಡು ಬೆರಳು ಮೇಲಿಟ್ಟು ಹೊಲಿದೆ.
ಕೆಳಗೆ ಹಳೆಯ ಸೂಜಿಯ ತೂತುಗಳು
ಸಾಲಾಗಿ, ಬೆಳ್ಳಗೆ.
ಒಂದು ಸಲ ಒಗೆದರೆ ಮುಚ್ಚಿಕೊಳ್ಳುತ್ತವೆ,
ಹಾಗಂತಾರೆ.